ದೀಪದೆಣ್ಣೆ ಕುಡಿಯುವ ಇಂಜಿನ್

ಧನುರ್ಮಾಸದ ಚಳಿ. ನಂಗಲಿಯ ಹೆದ್ದಾರಿ ಬಿಟ್ಟು ಒಳಕ್ಕೆ ಹೊರಳುವ ದಾಸರಕುಪ್ಪದ ದಾರಿಯಲ್ಲಿ ಮಂಜು ಇನ್ನೂ ನೆಲ ಬಿಟ್ಟೆದ್ದಿಲ್ಲ. ದೂರದಲ್ಲಿ ಗಡಿ ದಾಟುವ ಲಾರಿಗಳ ಮೊರೆತ, ಹತ್ತಿರದಲ್ಲಿ ದೇವಸ್ಥಾನದ ಗಂಟೆ. ಅವೆರಡರ ನಡುವೆ ತಗಡಿನ ಬಾಗಿಲೊಂದು ಕಿರ್ರೆನ್ನುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಟವೆಲು ಸುತ್ತಿಕೊಂಡ ಮುನಿಯಲ್ಲಮ್ಮ ತಮ್ಮ ರಾಗಿ ಮಿಲ್ಲಿನೊಳಗೆ ಕಾಲಿಡುತ್ತಾರೆ. ಬಲಗೈ ಬಳೆಗಳನ್ನು ಕಳಚಿ ಗೋಡೆಯ ಮೊಳೆಗೆ ತೂಗುಹಾಕುತ್ತಾರೆ. ಇಂಜಿನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಎಣ್ಣೆಯ ಮಸಿ ಹಿಡಿದ ಆ ಕಬ್ಬಿಣದ ಮೈಮೇಲೆ ಒಂದು ಕುಂಕುಮದ ಬೊಟ್ಟಿದೆ, ನಿನ್ನೆಯದು. ಅದರ ಮೇಲೆ ಇಂದಿನದು.

ಇಂಜಿನ್ನಿನ ನೆತ್ತಿಯ ಮೇಲೆ ಹಲಗೆ, ಹಲಗೆಯ ಮೇಲೆ ಎರಡು ಡಬ್ಬಿ. ಸಣ್ಣದರಲ್ಲಿ ಡೀಸೆಲ್, ದೊಡ್ಡದರಲ್ಲಿ ಹೊಂಗೆ ಎಣ್ಣೆ. ಎರಡರಿಂದ ಇಳಿದು ಬರುವ ಕೊಳವೆಗಳು ಒಂದು ಹಿತ್ತಾಳೆಯ ನಲ್ಲಿಯ ಹತ್ತಿರ ಕೂಡುತ್ತವೆ. ಹಿಡಿ ಅತ್ತ ತಿರುಗಿದರೆ ಡೀಸೆಲ್, ಇತ್ತ ತಿರುಗಿದರೆ ಹೊಂಗೆ. ಬೆರಳುದ್ದದ ಆ ಹಿಡಿಯ ಮೇಲೆಯೇ ಇವತ್ತು ಎಲ್ಲ ನಿಂತಿದೆ.

ಬಾಗಿಲಲ್ಲಿ ಆಗಲೇ ರಾಗಿಯ ಚೀಲಗಳು ಸಾಲುಗಟ್ಟಿವೆ. ಮೊದಲನೆಯದು ವೆಂಕಟರತ್ನಮ್ಮನವರದು. ಊರಿಗೆಲ್ಲ ಮಾತಿನಲ್ಲಿ ಮುಂದು. ಅರ್ಧ ಕನ್ನಡ, ಅರ್ಧ ತೆಲುಗು.

"ಏಮಮ್ಮಾ ಯಲ್ಲಮ್ಮಾ, ಇವತ್ತಾದ್ರೂ ಹಿಟ್ಟು ಸಿಕ್ತದಾ? ಇಲ್ಲಾ ಹೋದ ವರ್ಷದಂಗೆ ರಾಗಿ ಹೊತ್ಕೊಂಡು ಬಂದು, ರಾಗಿನೇ ಹೊತ್ಕೊಂಡು ಹೋಗೋದಾ?"

"ರತ್ನಕ್ಕಾ, ನಿನ್ ಕಾಲಿಗೆ ಬೀಳ್ತೀನಿ, ಸ್ವಲ್ಪ ಮೆಲ್ಲಗೆ. ಮಾವ ಕೇಳಿಸ್ಕೋತಾವ್ರೆ."

"ಕೇಳಿಸ್ಕೋಲಿ ಬಿಡಮ್ಮಾ. ಅವರು ಅಲ್ಲಿ ಕೂತಿರೋದೇ ಕೇಳಿಸ್ಕೊಳ್ಳೋಕೆ."

ನಿಜ. ಅಂಗಳದ ಆಚೆ, ಮನೆಯ ಜಗಲಿಯ ಮೇಲೆ, ಕಂಬಳಿಯನ್ನು ಕಿವಿಯವರೆಗೂ ಹೊದೆಯದೆ ಕತ್ತಿನವರೆಗೆ ಮಾತ್ರ ಹೊದ್ದು ನರಸಿಂಹಪ್ಪ ಕೂತಿದ್ದಾರೆ. ಎಂಬತ್ತರ ಹತ್ತಿರದ ಜೀವ. ಇಂಜಿನ್ ಅವರದು. ಹೋದ ಧನುರ್ಮಾಸದಲ್ಲಿ ಇಂಥದೇ ಒಂದು ಬೆಳಗ್ಗೆ, ಬೀಸುವ ನಡುವೆಯೇ ಅದು ಕೆಮ್ಮಿ ಕೆಮ್ಮಿ ನಿಂತುಹೋಯಿತು. ಹೊಂಗೆಯ ಡಬ್ಬಿಗೆ ಅಂದೇ ಮುಚ್ಚಳ ಬಿತ್ತು. ಆಮೇಲೆ ತಿಂಗಳುಗಟ್ಟಲೆ ಬರೀ ಡೀಸೆಲ್. ಈ ಸಲದ ಆಯುಧಪೂಜೆಯ ದಿನ, ಮತ್ತೆ ಹೊಂಗೆ ಹಾಕಲೇ ಎಂದು ಸೊಸೆ ಕೈಮುಗಿದು ಕೇಳಿದಾಗ ಮುದುಕರು ಒಂದು ಮಾತು ಹೇಳಿದರು: "ಬಿಸಿಲಲ್ಲಿ ಯಾವ ಎಣ್ಣೆ ಹುಯ್ದ್ರೂ ಓಡ್ತದೆ. ಧನುರ್ಮಾಸದ ಚಳಿಗೆ ಓಡ್ಸಿ ತೋರ್ಸು. ನಿಂತ್ರೆ ಮಾತ್ರ, ಆ ದೊಡ್ಡ ಡಬ್ಬಿ ಕಿತ್ತು ದನಕ್ಕೆ ನೀರಿಡು."

ಆ ದಿನ ಇವತ್ತು.

ಮುನಿಯಲ್ಲಮ್ಮ ಹ್ಯಾಂಡಲ್ ಹಿಡಿಯುತ್ತಾರೆ. ಮೊದಲು ನಿಧಾನ, ಆಮೇಲೆ ಬಿರುಸು. ಭಾರದ ಚಕ್ರ ಒಲ್ಲೆನೆಂಬಂತೆ ಸುತ್ತಿ, ಸುತ್ತುತ್ತಾ ಒಪ್ಪಿಕೊಂಡು, ಕೊನೆಗೆ ತಾನೇ ಎಳೆದುಕೊಳ್ಳುತ್ತದೆ. ಡಗ್, ಡಗ್, ಡಗ್ಗೆಂದು ಇಂಜಿನ್ ಹತ್ತಿಕೊಳ್ಳುತ್ತದೆ. ತಗಡಿನ ಗೋಡೆ ನಡುಗುತ್ತದೆ. ಈಗ ಓಡುತ್ತಿರುವುದು ಡೀಸೆಲ್‌ನಲ್ಲಿ. ಹೊಗೆ ಕೊಳವೆ ಚೆನ್ನಾಗಿ ಕಾಯುವ ತನಕ ಹೊಂಗೆಗೆ ತಿರುಗಿಸುವಂತಿಲ್ಲ. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಮುನಿಯಲ್ಲಮ್ಮ ಸ್ಟೂಲಿನ ಮೇಲೆ ಕೂತು ಮಾತಿಗೆ ಸಿಗುತ್ತಾರೆ.

ಅವರ ತವರು ಶ್ರೀನಿವಾಸಪುರದ ಕಡೆ, ಮಾವಿನ ಸೀಮೆ. ಮನೆಯಲ್ಲಿ ಎಣ್ಣೆ ಗಾಣವಿತ್ತು. ಈಗ ಅದೇ ಜಾಗದಲ್ಲಿ ತಮ್ಮ ಭೀಮರಾಜ್ ಎಣ್ಣೆ ತೆಗೆಯುವ ಮಿಷನ್ ಇಟ್ಟಿದ್ದಾರೆ. ದಾಸರಕುಪ್ಪದ ಕಾಂತರಾಜ್‌ಗೆ ಕೊಟ್ಟು ಮದುವೆಯಾಯಿತು. ಗಂಡ ಲಾರಿ ಡ್ರೈವರ್, ಮನೆಗಿಂತ ರಸ್ತೆಯಲ್ಲೇ ಹೆಚ್ಚು. ಮಿಲ್ಲು ನಡೆಸುತ್ತಿದ್ದವರು ಮಾವ. ಒಂದು ಕಾಲದಲ್ಲಿ ತೋಟದ ಬಾವಿಯಿಂದ ನೀರೆತ್ತುತ್ತಿದ್ದ ಇಂಜಿನ್ನನ್ನು ಊರೊಳಗೆ ತಂದು, ಬೆಲ್ಟ್ ಕಟ್ಟಿ, ಬೀಸುವ ಕಲ್ಲಿಗೆ ಹೂಡಿದ್ದು ಅವರೇ. ಹಿಟ್ಟಿನ ಧೂಳು ಎದೆಯಲ್ಲಿ ಕೂತು ಗೂರಲು ಹಿಡಿಯಿತು. ಮಿಲ್ಲಿನ ಹೊಸಿಲು ತುಳಿಯಬಾರದೆಂದು ಡಾಕ್ಟರು ಹೇಳಿದರು. ಅಂದಿನಿಂದ ಜಗಲಿಯೇ ಅವರ ಜಾಗ.

"ಮೊದಲ್ನೇ ಸಲ ನಾನು ಹ್ಯಾಂಡಲ್ ಹಿಡಿದಾಗ ಊರೋರೆಲ್ಲ ಇಲ್ಲೇ ನಿಂತಿದ್ರು, ನಾಟಕ ನೋಡೋಕ್ಬಂದಂಗೆ," ಎಂದು ಮುನಿಯಲ್ಲಮ್ಮ ನಗುತ್ತಾರೆ. "ಅದು ವಾಪಸ್ ಒದೀತು ನೋಡಿ, ಬಳೆ ಪುಡಿಪುಡಿ. ಮಣಿಕಟ್ಟು ಬದನೆಕಾಯಿ ಆಯ್ತು. ಒಳಗೆ ಹೋಗಿ ಅಳ್ತಾ ಕೂತಿದ್ದೆ. ಮಾವ ಜಗಲಿಯಿಂದಾನೇ ಕೂಗಿದ್ರು: ಹೆಬ್ಬೆರಳು ಹ್ಯಾಂಡಲ್ ಸುತ್ತ ಹಾಕ್ಬಾರದಮ್ಮಾ, ಬೆರಳುಗಳ ಜೊತೇಲೇ ಇಟ್ಕೋ, ಒದ್ರೆ ಕೈ ತಾನೇ ಬಿಟ್ಕೊಳ್ತದೆ ಅಂತ. ಅವರು ನನ್ ಕೈ ನೋಡ್ಲಿಲ್ಲ. ಸದ್ದು ಕೇಳೇ ಹೇಳಿದ್ರು."

ನರಸಿಂಹಪ್ಪನವರ ಕಿವಿಯ ಕತೆಯೇ ಬೇರೆ. ಎಳೆಯ ವಯಸ್ಸಿನಲ್ಲಿ ಊರ ಭಜನೆ ಮನೆಯಲ್ಲಿ ಕಾವ್ಯ ಓದಿಸುತ್ತಿದ್ದರಂತೆ. ಒಬ್ಬರು ರಾಗವಾಗಿ ಓದುವುದು, ಒಬ್ಬರು ಅರ್ಥ ಹೇಳುವುದು. ಇವರಿಗೆ ಓದು ಬಾರದು. ಕಂಬಕ್ಕೊರಗಿ ಕೇಳುತ್ತಿದ್ದರು, ಅಷ್ಟೆ. ಪದ್ಯ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಓದುವವರ ಉಸಿರು ಎಲ್ಲಿ ತಡವರಿಸಿತು ಎಂಬುದು ಅವರಿಗೆ ತಿಳಿಯುತ್ತಿತ್ತು. ಇಂಜಿನ್ನಿನ ಬಡಿತವನ್ನೂ ಅವರು ಹಾಗೆಯೇ ಕೇಳುತ್ತಾರೆ. ಕಣ್ಣುಮುಚ್ಚಿ, ತಲೆ ಕೊಂಚ ವಾಲಿಸಿ.

ಊರಿಗೆ ತ್ರೀಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ಅದು ಬರುವ ಹೊತ್ತಿಗೆ ಹೆಂಗಸರು ಹೊಲದಲ್ಲೋ ಮಾಲೂರಿನ ಫ್ಯಾಕ್ಟರಿಗೆ ಹೋಗುವ ವ್ಯಾನಿನಲ್ಲೋ ಇರುತ್ತಾರೆ. ಅವರಿಗೆ ಹಿಟ್ಟು ಬೇಕಿರುವುದು ಬೆಳಗಿನ ಜಾವ. ಹಾಗಾಗಿ ಮೋಟಾರು ಹಾಕಿದರೆ ಆಗದು, ಇಂಜಿನ್ನೇ ಆಗಬೇಕು; ಇಂಜಿನ್ನಿಗೆ ದಿನಾ ನಂಗಲಿಯಿಂದ ಕ್ಯಾನಿನಲ್ಲಿ ಡೀಸೆಲ್ ಹೊರಬೇಕು. ಒಮ್ಮೆ ತವರಿಗೆ ಹೋದಾಗ ತಮ್ಮನ ಮಾವಿನ ತೋಪಿನಲ್ಲಿ ಪಂಪ್‌ಸೆಟ್ಟಿನ ಹೊಗೆಯಿಂದ ಯಾವುದೋ ಹಳೆಯ ವಾಸನೆ ಮೂಗಿಗೆ ಬಡಿಯಿತು. ಅಜ್ಜಿಯ ಅಡುಗೆಮನೆಯ ದೀಪದ ವಾಸನೆ. ಹೊಂಗೆ ಎಣ್ಣೆ.

"ಇದೇನೋ ಭೀಮಾ, ಇಂಜಿನ್ ದೀಪದೆಣ್ಣೆ ಕುಡೀತದಲ್ಲೋ ಅಂದೆ. ಕುಡಿಸಿದ್ರೆ ಕುಡೀತದೆ ಕಣಕ್ಕಾ, ಕುಡಿಸೋ ರೀತಿ ಗೊತ್ತಿರ್ಬೇಕು ಅಂದ. ಡೀಸೆಲ್‌ನಲ್ಲೇ ಶುರು ಮಾಡು, ಡೀಸೆಲ್‌ನಲ್ಲೇ ನಿಲ್ಸು, ನಡುವೆ ಮಾತ್ರ ಹೊಂಗೆ. ಊಟಕ್ಕೆ ಮುಂಚೆ ಕೈ ತೊಳಿಯಲ್ವಾ, ಊಟ ಆದ್ಮೇಲೂ ತೊಳಿಯಲ್ವಾ, ಹಂಗೇ ಅಂದ. ತೊಳೀದೆ ಬಿಟ್ರೆ ಎಣ್ಣೆ ಒಳಗೇ ಅಂಟುಕಟ್ಕೊಂಡು, ಅದು ಚಿಮ್ಮೋ ನಾಜಲ್ ಮುಚ್ಕೊಳ್ತದೆ."

ದಾಸರಕುಪ್ಪದ ಕೆರೆ ಏರಿಯ ತುಂಬ ಹೊಂಗೆ ಮರಗಳು. ಕಾಯಿ ಉದುರಿ ಕಾಲಡಿ ನುಗ್ಗಾಗುತ್ತಿದ್ದವು, ಆರಿಸುವವರಿರಲಿಲ್ಲ. ಮುನಿಯಲ್ಲಮ್ಮ ಒಂದು ಕಟ್ಟಲೆ ಮಾಡಿದರು: ಬಿಡಿಸಿದ ಹೊಂಗೆ ಬೀಜ ತಂದವರಿಗೆ ಅಳತೆಗೆ ಅಳತೆ ರಾಗಿ ಬೀಸಿಕೊಡುವುದು, ಕೂಲಿಯ ಮಾತಿಲ್ಲ. ಮಾಘ ಕಳೆಯುತ್ತಲೇ ಏರಿಯ ಮೇಲೆ ಹೆಂಗಸರ ಬುಟ್ಟಿಗಳು ಕಾಣಿಸಿಕೊಂಡವು. ಬೀಜ ಶ್ರೀನಿವಾಸಪುರದ ಬಸ್ಸಿನಲ್ಲಿ ತಮ್ಮನ ಮಿಷನ್ನಿಗೆ ಹೋಗಿ, ಎಣ್ಣೆಯಾಗಿ, ಹಿಂಡಿಯಾಗಿ ವಾಪಸು ಬರತೊಡಗಿತು. ಎಣ್ಣೆಯನ್ನು ಡ್ರಮ್ಮಿನಲ್ಲಿ ವಾರಗಟ್ಟಲೆ ತಿಳಿಯಾಗಲು ಬಿಟ್ಟು, ಹಳೆಯ ಪಂಚೆಯಲ್ಲಿ ಸೋಸಿ ಡಬ್ಬಿಗೆ. ಹಿಂಡಿ ಹೊಲಕ್ಕೆ ಗೊಬ್ಬರ.

ಹಿಂಡಿಯದೂ ಒಂದು ಫಜೀತಿಯಿದೆ. ವೆಂಕಟರತ್ನಮ್ಮನವರ ಗಡಿಯಾಚೆಯ ನಾದಿನಿ ಫೋನು ಮಾಡಿ, "ಒಂದು ಚೀಲ ಪಿಂಡಿ ಕಟ್ಟಿಡಿ, ನಮ್ಮೋರು ಬಂದು ಒಯ್ತಾರೆ" ಎಂದಿದ್ದರು. ತೆಲುಗಿನ ಪಿಂಡಿ ಎಂದರೆ ಹಿಟ್ಟು. ಮುನಿಯಲ್ಲಮ್ಮನ ಕಿವಿಗೆ ಬಿದ್ದದ್ದು ಹಿಂಡಿ. ಪುಡಿ ಮಾಡಿದ ಹೊಂಗೆ ಹಿಂಡಿಯನ್ನು ನೀಟಾಗಿ ಹೊಲಿದು ಕಳಿಸಿಕೊಟ್ಟರು.

"ನಮ್ಮ ನಾದಿನಿ ಎಸರಿಟ್ಟು, ಚೀಲ ಬಿಚ್ಚಿ, ಒಂದು ಹಿಡಿ ಮೂಗಿನ ಹತ್ರ ಹಿಡಿದ್ಲು, ಬಚಾವಾದ್ಲು," ಎಂದು ವೆಂಕಟರತ್ನಮ್ಮ ಈಗಲೂ ಬಾಗಿಲಿಂದಲೇ ಸೇರಿಸುತ್ತಾರೆ. "ಇಲ್ದಿದ್ರೆ ಆ ಕಹಿ ಮುದ್ದೆ ತಿಂದು ನಮ್ಮ ಸಂಬಂಧಾನೇ ಕಡಿದುಹೋಗ್ತಿತ್ತು."

ಇಷ್ಟೆಲ್ಲ ನಡೆಯುತ್ತಿದ್ದರೂ ಒಬ್ಬರಿಗೆ ಮಾತ್ರ ಹೇಳಿರಲಿಲ್ಲ. ಡೀಸೆಲ್ ಬಿಟ್ಟು ಬೇರೇನನ್ನೂ ತಮ್ಮ ಇಂಜಿನ್ನಿಗೆ ಮುಟ್ಟಿಸದ ಮಾವನಿಗೆ. ಒಪ್ಪುವುದಿಲ್ಲ ಎಂಬ ಅಂಜಿಕೆ. ಮೊದಲ ದಿನವೇ ಅವರು ಜಗಲಿಯಿಂದ ಕೇಳಿದ್ದರು: "ಯಲ್ಲಮ್ಮಾ, ಹೊಗೆ ಯಾಕೋ ಬೇರೆ ತರ ಐತಲ್ಲ?"

"ಬೇರೆ ಬಂಕಿನ ಡೀಸೆಲ್ ಮಾವ," ಎಂದುಬಿಟ್ಟರು ಸೊಸೆ.

ಮುದುಕರು "ಓಹೋ" ಎಂದರು. ಮತ್ತೆ ಕೇಳಲಿಲ್ಲ.

ಗಂಡನಿಗೆ ಗೊತ್ತಿತ್ತು. ಕಾಂತರಾಜ್ ಫೋನಿನಲ್ಲಿ ಛೇಡಿಸುತ್ತಿದ್ದರು: "ನನ್ ಲಾರಿಗೂ ಒಂದು ಚೊಂಬು ಹುಯ್ದುಕೊಡೇ."

"ಹುಯ್ದ್ರೆ ನಿಮ್ ಓನರ್ ನಿಮ್ಮನ್ನೇ ಡ್ರಮ್ಮಿಗೆ ಹುಯ್ತಾರೆ. ತೆಪ್ಪಗೆ ಗಾಡಿ ಓಡಿಸ್ಕೊಂಡು ಬನ್ನಿ."

ಹಾಗೆ ಬಿಸಿಲುಗಾಲ ಕಳೆಯಿತು, ಮಳೆಗಾಲ ಕಳೆಯಿತು. ಹೋದ ವರ್ಷದ ಧನುರ್ಮಾಸ ಬಂತು. ದೇವಸ್ಥಾನದಲ್ಲಿ ದಿನವೂ ನಸುಕಿಗೇ ಪೂಜೆ. ಊರಿನವರೆಲ್ಲ ತಂದು ಹಚ್ಚಿದ ದೀಪಗಳಲ್ಲಿ ಉಳಿದ ಎಣ್ಣೆ ಕೊಡಗಟ್ಟಲೆಯಾಯಿತು. ದೇವರ ದೀಪದ್ದು, ಕಾಲು ತುಳಿಯುವಲ್ಲಿ ಚೆಲ್ಲುವಂತಿಲ್ಲ. ಅರ್ಚಕರು ಹೇಳಿಕಳಿಸಿದರು: ದೀಪದೆಣ್ಣೆ ಬೇಕಾದಷ್ಟಿದೆ, ಯಲ್ಲಮ್ಮ ಬಂದು ಒಯ್ಯಲಿ.

ತಪ್ಪಾದದ್ದು ಆ ಒಂದು ಪದದಲ್ಲಿ. ಮುನಿಯಲ್ಲಮ್ಮನ ತವರಲ್ಲಿ ದೀಪದೆಣ್ಣೆ ಎಂದರೆ ಹೊಂಗೆ ಎಣ್ಣೆ. ಅಜ್ಜಿಯ ಕಾಲದಿಂದ ಅದಕ್ಕೆ ಬೇರೆ ಹೆಸರೇ ಇರಲಿಲ್ಲ. ದೇವಸ್ಥಾನದಲ್ಲಿ ದೀಪಕ್ಕೆ ಹುಯ್ದದ್ದೆಲ್ಲ ದೀಪದೆಣ್ಣೆ. ಆ ಕೊಡದಲ್ಲಿ ಹಿಪ್ಪೆ ಎಣ್ಣೆಯಿತ್ತು, ಕೊಬ್ಬರಿ ಎಣ್ಣೆಯಿತ್ತು, ಯಾರೋ ಹರಕೆಗೆ ಹುಯ್ದ ತುಪ್ಪವೂ ಇತ್ತು. ಮೂಸಿದ್ದರೆ ತಿಳಿಯುತ್ತಿತ್ತು. "ನಂಗೆ ಆವಾಗ ನೆಗಡಿ ಸ್ವಾಮಿ," ಎನ್ನುತ್ತಾರೆ ಮುನಿಯಲ್ಲಮ್ಮ. "ಮೂಗು ಕಟ್ಟಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಸೋಸ್ದೆ, ನೀರಿನಂಗೆ ಇಳೀತು. ದೇವರ ಎಣ್ಣೆ ನಮ್ಮ ಇಂಜಿನ್‌ಗೆ ಬಂತಲ್ಲಾ ಅಂತ ಕೈಮುಗಿದು ಹುಯ್ದೆ."

ಮರುದಿನ ನಸುಕಿನಲ್ಲಿ ಡೀಸೆಲ್‌ನಿಂದ ಹೊಂಗೆಗೆ ತಿರುಗಿಸಿದ ಸ್ವಲ್ಪ ಹೊತ್ತಿಗೆ ಇಂಜಿನ್ ಉಬ್ಬಸ ಬಂದವರಂತೆ ಎಳೆಯತೊಡಗಿ ನಿಂತುಹೋಯಿತು. ಕೊಳವೆ ಬಿಚ್ಚಿದರೆ ಒಳಗೆ ಬೆಣ್ಣೆಯಂತೆ ಹೆಪ್ಪುಗಟ್ಟಿದ ಎಣ್ಣೆ. ಕಲ್ಲಿನಲ್ಲಿ ಅರೆಬರೆ ನುರಿದ ರಾಗಿ. ಬಾಗಿಲಲ್ಲಿ ರಾಗಿ ಚೀಲ ಹಿಡಿದ ಹೆಂಗಸರು. ಆ ನಿಶ್ಶಬ್ದಕ್ಕೆ ನರಸಿಂಹಪ್ಪ ಜಗಲಿಯಿಂದ ಎದ್ದು, ಡಾಕ್ಟರ ಮಾತು ಮೀರಿ, ಮಿಲ್ಲಿನ ಹೊಸಿಲಿಗೆ ಬಂದು ನಿಂತರು. ದೊಡ್ಡ ಡಬ್ಬಿ ನೋಡಿದರು. ಸೊಸೆಯ ಮುಖ ನೋಡಿದರು.

"ಬೈದಿದ್ರೆ ತಡ್ಕೋಬೋದಿತ್ತು. ಒಂದೇ ಮಾತು. ಇದು ನಂಗೆ ಅನ್ನ ಹಾಕಿದ ಇಂಜಿನ್ನು, ಇದಕ್ಕೇನು ಹಾಕ್ತೀಯ ಅಂತ ನಂಗೊಂದು ಮಾತು ಹೇಳ್ಬಾರದಿತ್ತೇನಮ್ಮಾ ಅಂದ್ರು. ಅಷ್ಟೇ. ಕೆಮ್ಮಿಕೊಂಡು ಹೋಗಿ ಕೂತ್ರು. ಆವತ್ತು ನಾನು ಊಟ ಮಾಡ್ಲಿಲ್ಲ. ಅವರೂ ಮಾಡ್ಲಿಲ್ಲ."

ಭೀಮರಾಜ್ ಬಂದು ಎಲ್ಲ ಬಿಚ್ಚಿ ತೊಳೆದರು. ಇಂಜಿನ್ನಿಗೆ ಪೆಟ್ಟೇನೂ ಆಗಿರಲಿಲ್ಲ. ಆಗಿದ್ದದ್ದು ನಂಬಿಕೆಗೆ. ಹೆಂಗಸರ ಬುಟ್ಟಿಗಳು ಅಟ್ಟ ಸೇರಿದವು. ಏರಿಯ ಮೇಲೆ ಕಾಯಿ ಮತ್ತೆ ಕಾಲಡಿಗೆ ಬಿದ್ದವು.

ಅಂಥ ದಿನಗಳಲ್ಲೇ ಮುಳಬಾಗಿಲಿನ ಸುಮಧ್ವ ತಾಯಿಗೆಂದು ರಾಗಿ ಹುರಿಹಿಟ್ಟು ಮಾಡಿಸಲು ಬಂದರು. ಕಾಲೇಜಿನಲ್ಲಿ ಇಂಜಿನ್ ಪಾಠ ಹೇಳುವವರು. ಮೂಲೆಗೆ ಸರಿಸಿದ್ದ ಎಣ್ಣೆಯ ಡ್ರಮ್ಮು ನೋಡಿ ವಿಚಾರಿಸಿದರು, ಕತೆಯನ್ನು ಪೂರ್ತಿ ಕೇಳಿದರು, ನಗಲಿಲ್ಲ. ಮುಂದಿನ ವಾರ ತಾಮ್ರದ ಕೊಳವೆಯೊಂದನ್ನು ತಂದು, ಭೀಮರಾಜ್ ಜೊತೆ ಕೂತು, ಹೊಗೆ ಕೊಳವೆಯ ಸುತ್ತ ಸುರುಳಿ ಸುತ್ತಿಸಿದರು. ಹೊಂಗೆ ಎಣ್ಣೆ ಆ ಸುರುಳಿಯಲ್ಲಿ ಹಾದು, ಕಾದು ತೆಳ್ಳಗಾಗಿ ಒಳಗೆ ಹೋಗುವಂತೆ.

"ಗಟ್ಟಿ ಎಣ್ಣೆ ಸಣ್ಣ ತೂತಿನಲ್ಲಿ ಸಿಂಪಡಿಸೋದಿಲ್ಲ ಯಲ್ಲಮ್ಮನವರೇ, ಉಗುಳುತ್ತೆ. ಪೂರ್ತಿ ಉರಿಯೋದಿಲ್ಲ, ಮಸಿಯಾಗಿ ಕೂರುತ್ತೆ. ಬಿಸಿ ಮಾಡಿದರೆ ಸಲೀಸು," ಎಂದು ಸುಮಧ್ವ ಬಿಡಿಸಿ ಹೇಳಿದ್ದರು. ಜೊತೆಗೊಂದು ಎಚ್ಚರಿಕೆ: "ಇದು ನಿಧಾನಕ್ಕೆ ಓಡೋ ಹಳೇ ಇಂಜಿನ್, ಅದಕ್ಕೇ ತಡೆಯುತ್ತೆ. ಯಾರಾದರೂ ಕೇಳಿದರೆ, ಹೊಸ ಟ್ರ್ಯಾಕ್ಟರಿಗೋ ಕಾರಿಗೋ ಹೀಗೆ ಹಸಿ ಎಣ್ಣೆ ಹುಯ್ಯಬೇಡಿ ಅಂತ ಹೇಳಿ. ಇಂಜಿನ್ನಿನೊಳಗಿನ ಆಯಿಲ್ಲನ್ನೂ ನೀವು ಬೇಗ ಬೇಗ ಬದಲಾಯಿಸಬೇಕು."

"ಅಂದ್ರೆ ಎಣ್ಣೆಗೇ ಸ್ವೆಟರ್ ಹಾಕಿದಂಗಾಯ್ತು ಬಿಡಿ ಮೇಷ್ಟ್ರೇ," ಎಂದಿದ್ದರಂತೆ ಮುನಿಯಲ್ಲಮ್ಮ. ಮೇಷ್ಟ್ರು ಅದನ್ನೇ ಈಗ ಪಾಠದಲ್ಲಿ ಹೇಳುತ್ತಾರೆ.

ಮಾತು ಇಲ್ಲಿಗೆ ಬರುವಷ್ಟರಲ್ಲಿ ಹೊಗೆ ಕೊಳವೆ ಕಾದಿದೆ. ಮುನಿಯಲ್ಲಮ್ಮ ಏಳುತ್ತಾರೆ. ದೊಡ್ಡ ಡಬ್ಬಿಯ ಮುಚ್ಚಳ ತೆಗೆದು, ಬಗ್ಗಿ, ಎಣ್ಣೆಯನ್ನು ಮೂಸುತ್ತಾರೆ. ಒಂದು ಸಲ ಸಾಲದೆಂದು ಇನ್ನೊಂದು ಸಲ. ಇವತ್ತು ನೆಗಡಿಯಿಲ್ಲ. ಕಲ್ಲಿನ ಮೇಲಿನ ತೊಟ್ಟಿಗೆ ವೆಂಕಟರತ್ನಮ್ಮನ ರಾಗಿ ಬಿದ್ದಿದೆ. ತಾಮ್ರದ ಸುರುಳಿಯ ಹತ್ತಿರ ಅಂಗೈ ಹಿಡಿದು ಕಾವು ನೋಡುತ್ತಾರೆ. ಬೆರಳು ನಲ್ಲಿಯ ಹಿಡಿಯ ಮೇಲಿದೆ. ಆದರೆ ತಿರುಗಿಸುತ್ತಿಲ್ಲ. ಬಾಗಿಲಲ್ಲಿ ಹೆಂಗಸರು ಕತ್ತು ಚಾಚಿದ್ದಾರೆ. ಇನ್ನೂ ಸ್ವಲ್ಪ ಕಾಯಲಿ ಎಂದೋ, ಕಾದದ್ದು ಸಾಕೆಂದೋ, ಮುನಿಯಲ್ಲಮ್ಮನಿಗೆ ತಮ್ಮ ಕೈಯನ್ನೇ ನಂಬಲು ಆಗುತ್ತಿಲ್ಲ.

ಆಗ ಜಗಲಿಯಿಂದ ದನಿ ಬರುತ್ತದೆ. ಇಂಜಿನ್ನಿನ ಸದ್ದನ್ನು ಸೀಳಿ ಬರುವಷ್ಟು ಕಸುವು ಆ ಎದೆಯಲ್ಲಿ ಉಳಿದಿದೆಯೆಂದು ಯಾರೂ ಎಣಿಸಿರಲಿಲ್ಲ.

"ಯಲ್ಲಮ್ಮಾ! ಹದಕ್ಕೆ ಬಂತು. ಆ ಬೇರೆ ಬಂಕಿನ ಡೀಸೆಲ್‌ಗೆ ತಿಪ್ಪಮ್ಮಾ!"

ತಿಪ್ಪು ಎಂದರೆ ಈ ಕಡೆಯ ತೆಲುಗಿನಲ್ಲಿ ತಿರುಗಿಸು ಎಂದು. ಅದು ಎಲ್ಲರಿಗೂ ತಿಳಿಯುವ ಮಾತು. ಬೇರೆ ಬಂಕು ಎಂದರೇನೆಂದು ತಿಳಿದದ್ದು ಒಬ್ಬರಿಗೇ. ಮುನಿಯಲ್ಲಮ್ಮನ ಮುಖ ಕೆಂಪಾಗುತ್ತದೆ. ಹೊಂಗೆಯಲ್ಲಿ ಓಡಿದ ಆ ಬಿಸಿಲುಗಾಲ, ಮಳೆಗಾಲದ ಬಡಿತವನ್ನು ಆ ಮುದುಕರು ಒಂದು ದಿನವೂ ಬಿಡದೆ ಕೇಳಿದ್ದಾರೆ. ಬಡಿತ ಯಾವಾಗ ಬದಲಾಗುತ್ತದೆ, ಬದಲಾಗುವ ಮುಂಚೆ ಇಂಜಿನ್ ಯಾವ ಹದದಲ್ಲಿರುತ್ತದೆ, ಎಲ್ಲ ಬಲ್ಲರು. ಮೊದಲ ದಿನದಿಂದ ಬಲ್ಲರು. ಸೊಸೆ ಬಾಯಿಬಿಟ್ಟು ಹೇಳಲೆಂದು ಕಾದಿದ್ದರು, ಅಷ್ಟೆ.

"ಅಯ್ಯೋ ಮಾವ, ನಿಮಗೆ ಆವಾಗ್ಲೇ ಗೊತ್ತಿತ್ತಾ?"

"ಮಾತು ಆಮೇಲೆ. ತಿಪ್ಪು ಮೊದ್ಲು!"

ಹಿಡಿ ತಿರುಗುತ್ತದೆ. ಇಂಜಿನ್ ಒಂದು ಸಲ ತಡವರಿಸುತ್ತದೆ. ಆಮೇಲೆ ಬಡಿತ ಕೊಂಚ ತಗ್ಗಿ, ದುಂಡಗಾಗಿ, ಒಂದೇ ಲಯಕ್ಕೆ ಕೂರುತ್ತದೆ. ಮಂಜಿನೊಳಕ್ಕೆ ಹೊಗೆಯ ಜೊತೆ ಹೊಂಗೆಯ ವಾಸನೆ ಹರಡುತ್ತದೆ. ಕಲ್ಲಿನ ಬಾಯಿಂದ ಬೆಚ್ಚಗಿನ ರಾಗಿ ಹಿಟ್ಟು ಸುರಿಯತೊಡಗುತ್ತದೆ. ವೆಂಕಟರತ್ನಮ್ಮ ಒಂದು ಚಿಟಿಕೆ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, "ಇದು ಪಿಂಡೀನೇ, ಹಿಂಡಿ ಅಲ್ಲ," ಎಂದು ತೀರ್ಪು ಕೊಡುತ್ತಾರೆ. ಮಿಲ್ಲಿನಲ್ಲಿ ನಗು ಏಳುತ್ತದೆ.

ಚೀಲದ ಮೇಲೆ ಚೀಲ. ದೇವಸ್ಥಾನದ ಮಂಗಳಾರತಿ ಮುಗಿದು, ಮಾಲೂರಿನ ವ್ಯಾನು ಬಂದು ಹೋಗಿ, ಬಿಸಿಲು ತಗಡಿನ ಮೇಲೆ ಬೀಳುವವರೆಗೂ ಇಂಜಿನ್ ನಿಲ್ಲುವುದಿಲ್ಲ. ನಿಮಗೇನು ಬೇಕೆಂದು ಕೇಳಿದರೆ ಮುನಿಯಲ್ಲಮ್ಮ ಟವೆಲಿನಿಂದ ಮುಖದ ಹಿಟ್ಟು ಒರೆಸಿಕೊಂಡು ಯೋಚಿಸುತ್ತಾರೆ. "ಕೆರೆ ಏರಿ ಆ ಕೊನೇಲಿ ಬೋಳಾಗಿದೆ. ಈ ಮಳೆಗಾಲಕ್ಕೆ ಅಲ್ಲಿ ಹೊಂಗೆ ಸಸಿ ನೆಡ್ಬೇಕು. ನಾನು ಹ್ಯಾಂಡಲ್ ಹೊಡೆಯೋಕಾಗದೆ ಜಗಲಿ ಮೇಲೆ ಕೂತ್ಕೊಳ್ಳೋ ಹೊತ್ಗೆ ಕಾಯಿ ಬಿಡ್ಲಿ. ಅಷ್ಟು ಸಾಕು."

ಕೊನೆಯ ಚೀಲವೂ ಮುಗಿದಿದೆ. ಹೆಂಗಸರೊಂದಿಗೆ ಬುಟ್ಟಿಗಳನ್ನು ಅಟ್ಟದಿಂದ ಇಳಿಸುವ ಮಾತಾಡುತ್ತಲೇ ಮುನಿಯಲ್ಲಮ್ಮ ಇಂಜಿನ್ ನಿಲ್ಲಿಸಲು ಕೈ ಚಾಚುತ್ತಾರೆ. ಜಗಲಿಯಿಂದ ಒಂದು ಕೆಮ್ಮು ಕೇಳಿಸುತ್ತದೆ. ಸಣ್ಣದು, ಬೇಕೆಂದೇ ಕೆಮ್ಮಿದ್ದು.

ಚಾಚಿದ ಕೈ ಅಲ್ಲೇ ನಿಲ್ಲುತ್ತದೆ. ನಲ್ಲಿ ಇನ್ನೂ ಹೊಂಗೆಯ ಕಡೆಗೇ ಇದೆ. ನಾಲಿಗೆ ಕಚ್ಚಿಕೊಂಡು ಅದನ್ನು ಡೀಸೆಲ್‌ಗೆ ತಿರುಗಿಸಿ, ಇಂಜಿನ್ನಿನ ಬಾಯಿ ತೊಳೆಯಲು ಬಿಟ್ಟು, ಮೊಳೆಯಿಂದ ಬಳೆಗಳನ್ನು ತೆಗೆದು ಒಂದೊಂದಾಗಿ ಏರಿಸಿಕೊಳ್ಳುತ್ತಾರೆ.

"ಅದು ಗೂರಲಿನ ಕೆಮ್ಮಲ್ಲ," ಎನ್ನುತ್ತಾರೆ ಮುನಿಯಲ್ಲಮ್ಮ, ಜಗಲಿಯ ಕಡೆ ನೋಡದೆ. "ಅವರಿಗೆ ಇಂಜಿನ್ ಸದ್ದು ಗೊತ್ತು. ನಂಗೆ ಅವರ ಕೆಮ್ಮು ಗೊತ್ತು."